ಶೆಡ್ಡಿನಲ್ಲಿ ಹುಟ್ಟಿದ ಪುಟ್ಟ ವೀಣೆ

"ಅಪ್ಪಾ, ಅಜ್ಜಿಯ ವೀಣೆ ಈಗ ಎಲ್ಲಿದೆ?"

ಎರಡು ವರ್ಷದ ಹಿಂದೆ, ದೀಪಾವಳಿಗೆಂದು ಯೂನಿವರ್ಸಿಟಿಯಿಂದ ಮನೆಗೆ ಬಂದಿದ್ದ ಮಗಳು ಊಟದ ನಡುವೆ ಕೇಳಿದ ಪ್ರಶ್ನೆ ಇದು. ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮೈಸೂರಿನ ಮನೆ ಖಾಲಿ ಮಾಡಲು ನನಗೆ ಸಿಕ್ಕಿದ್ದು ಹತ್ತು ದಿನದ ರಜೆ. ಪಾತ್ರೆ, ಪುಸ್ತಕ, ಬೀರುಗಳನ್ನು ಹಂಚಿದ ಹಾಗೆಯೇ, ಬಿರುಕು ಬಿಟ್ಟು ಮೆಟ್ಟಿಲು ಉದುರಿದ್ದ ಆ ವೀಣೆಯನ್ನೂ ಅಮ್ಮನ ಹಳೆಯ ಶಿಷ್ಯೆಯೊಬ್ಬಳ ಮನೆಗೆ ಸಾಗಿಸಿಬಿಟ್ಟಿದ್ದೆ. "ವಿಮಾನದಲ್ಲಿ ತರೋಕಾಗಲ್ಲ ಕಣೇ" ಎಂದೆ. "ನನ್ನನ್ನ ಒಂದ್ ಮಾತು ಕೇಳಬಹುದಿತ್ತು" ಎಂದಳು, ಅಷ್ಟೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಲಾಫ್ಟ್‌ನಿಂದ ಅವಳ ಪ್ರೈಮರಿ ಶಾಲೆಯ ಉಕುಲೇಲೆ ಸಿಕ್ಕಿತು. ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈಗೆ ಮೊದಲು ಬರುವ ತಂತಿವಾದ್ಯ ಇದು. ನಾಲ್ಕೇ ತಂತಿ, ಗಿಟಾರಿನ ಮೊಮ್ಮಗುವಿನಂಥ ರೂಪ. ಕತ್ತು ಮುರಿದು ಬಿದ್ದಿದ್ದ ಅದನ್ನು ನೋಡುತ್ತಾ ನನಗೊಂದು ಹುಚ್ಚು ಹತ್ತಿತು: ಒಂದನ್ನು ನಾನೇ ಮರದಲ್ಲಿ ಮಾಡಿದರೆ?

ವೀಣೆ ಮಾಡುವುದು ನನ್ನಂಥವನ ಕೈಲಾಗುವ ಮಾತಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರ ಕೊರೆದು ವೀಣೆ ಮಾಡುವ ಕುಟುಂಬಗಳೇ ಇವೆ. ಅದು ತಲೆಮಾರಿನ ವಿದ್ಯೆ. ನಾನೋ ಎಂ.ಡಿ. ಮಾಡಿದ ಫಿಸಿಶಿಯನ್. ಮೂವತ್ತು ವರ್ಷ ಎದೆ ತಟ್ಟಿ, ನಾಡಿ ಹಿಡಿದು, ಮಾತ್ರೆ ಬರೆದವನೇ ಹೊರತು ಕತ್ತಿ ಹಿಡಿದವನಲ್ಲ. "ಬದನೆಕಾಯಿ ನೆಟ್ಟಗೆ ಹೆಚ್ಚೋಕೆ ಬರಲ್ಲ, ವಾದ್ಯ ಮಾಡ್ತಾರಂತೆ" ಎಂದು ನನ್ನಾಕೆ ಹರಸಿದಳು.

ಉಕುಲೇಲೆಯೂ ನಮ್ಮ ಹಾಗೆಯೇ ವಲಸಿಗರ ಕೂಸು. 1879ರ ಆಗಸ್ಟ್‌ನಲ್ಲಿ 'ರೇವನ್ಸ್‌ಕ್ರಾಗ್' ಎಂಬ ಹಡಗು ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ನಾನೂರಕ್ಕೂ ಹೆಚ್ಚು ಜನರನ್ನು ಹವಾಯಿಗೆ ತಂದಿಳಿಸಿತು. ಬಂದದ್ದು ಕಬ್ಬಿನ ತೋಟದ ಕೂಲಿಗೆ. ಅವರಲ್ಲಿ ನೂನೆಸ್, ಡಿಯಾಸ್, ಎಸ್ಪಿರಿಟೊ ಸ್ಯಾಂಟೊ ಎಂಬ ಮೂವರು ಮರಗೆಲಸದವರು. ನಾವು ಸೂಟ್‌ಕೇಸಿನಲ್ಲಿ ಸಾರಿನ ಪುಡಿ ತಂದ ಹಾಗೆ, ಆ ಹಡಗಿನವರು ತಮ್ಮೂರಿನ 'ಮಶೇಟ್' ಎಂಬ ಪುಟ್ಟ ವಾದ್ಯವನ್ನು ತಂದಿದ್ದರು. ಕೂಲಿಯ ಕರಾರು ಮುಗಿದ ಮೇಲೆ ಈ ಮೂವರು ಅಲ್ಲಿನ ಕೋವಾ ಮರದಲ್ಲಿ ಅಂಥದ್ದನ್ನೇ ಮಾಡತೊಡಗಿದರು. ಹವಾಯಿಯ ದೊರೆ ಕಲಾಕೌವಾ ಅದನ್ನು ಅರಮನೆಗೆ ಕರೆದ. 'ಜಿಗಿಯುವ ಚಿಗಟ' ಎಂಬ ಅರ್ಥದ ಹೆಸರೂ ಬಂತು. ನಮ್ಮ ಲ್ಯಾಂಕಾಷೈರಿನಲ್ಲಂತೂ ವಿಗನ್‌ನ ಜಾರ್ಜ್ ಫಾರ್ಮ್‌ಬಿ ಅದರ ಬ್ಯಾಂಜೋ ಮೈಯ ತಮ್ಮನನ್ನು 1930ರ ದಶಕದಲ್ಲಿ ಮನೆಮಾತಾಗಿಸಿದ.

ಡಿಡ್ಸ್‌ಬರಿಯ ಚಾರಿಟಿ ಅಂಗಡಿಯೊಂದರಲ್ಲಿ ಕಾಲು ಮುರಿದ ಮಹಾಗನಿ ಮೇಜು ಸಿಕ್ಕಿತು. ಪಕ್ಕದ ಮನೆಯ ನಿವೃತ್ತ ಬಡಗಿ ಗುರುವಾದರು. ಶನಿವಾರಗಳೆಲ್ಲ ಹಿತ್ತಲ ಶೆಡ್ಡಿನಲ್ಲಿ ಕಳೆದವು. ಹಲಗೆಯನ್ನು ಎರಡು ಮಿಲಿಮೀಟರಿಗೆ ಹೆರೆಯುವುದೇ ಒಂದು ತಪಸ್ಸು. ಪಕ್ಕದ ಪಟ್ಟಿಗಳನ್ನು ಒದ್ದೆ ಮಾಡಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ, ಸೊಂಟದ ಆಕಾರಕ್ಕೆ ಬಗ್ಗಿಸಬೇಕು. ಮೊದಲನೆಯದು ಪಟ್ಟೆಂದು ಮುರಿಯಿತು, ಎರಡನೆಯದು ಸುಟ್ಟಿತು, ಮೂರನೆಯದು ಬಗ್ಗಿತು. ಒಳ ಅಂಚಿನ ಪಟ್ಟಿಗಳನ್ನು ಅಂಟಿಸುವಾಗ ಬಟ್ಟೆಯ ಕ್ಲಿಪ್ಪುಗಳೇ ಹಿಡಿಕೆ. ಆ ವಾರ ಮನೆಯಲ್ಲಿ ಒಗೆದ ಬಟ್ಟೆ ಒಣಗಲಿಲ್ಲ.

ಮೇಲ್ಮೈ ಹಲಗೆಯನ್ನು ಬೆರಳಿನಿಂದ ತಟ್ಟಿ ದನಿ ಕೇಳಿ ಎಂದರು ಗುರುಗಳು. ಇದೊಂದು ನನಗೆ ಬರುತ್ತಿತ್ತು! ಎದೆ ತಟ್ಟಿ ರೋಗ ತಿಳಿಯುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದ ಆವೆನ್‌ಬ್ರುಗರ್ ಹೋಟೆಲಿನವನ ಮಗ. 1816ರಲ್ಲಿ ಸ್ಟೆತೊಸ್ಕೋಪ್ ಕಂಡುಹಿಡಿದ ಲೆನೆಕ್ ಕೊಳಲು ನುಡಿಸುತ್ತಿದ್ದವನು. ತನ್ನ ಮರದ ಸ್ಟೆತೊಸ್ಕೋಪನ್ನು ತಾನೇ ಕಡೆಯುತ್ತಿದ್ದ. ನಾನು ವೃತ್ತಿಧರ್ಮ ಬಿಟ್ಟು ದೂರವೇನೂ ಹೋಗಿಲ್ಲ ಎಂದು ಮನೆಯವರಿಗೆ ವಾದಿಸಿದೆ.

ನವೆಂಬರಿನ ತೇವದಲ್ಲಿ ಹಿಂಬದಿ ಅಂಟಿಸಿ, ಹೆಮ್ಮೆಯಿಂದ ಹಾಲ್‌ಗೆ ತಂದು ರೇಡಿಯೇಟರಿನ ಹತ್ತಿರ ಇಟ್ಟೆ. ಮೂರನೆಯ ದಿನ ಟಿಕ್ ಎಂದು ಸೀಳಿತು. ಮರ ಒಣಗಿದಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಒಳಗೆ ಅಡ್ಡ ಅಂಟಿಸಿದ ಪಟ್ಟಿಗಳು ಅದನ್ನು ಕುಗ್ಗಲು ಬಿಡಲಿಲ್ಲ. ಹಾಗಾಗಿ ಬಿರುಕು. ಮ್ಯಾಂಚೆಸ್ಟರಿನ ಮಳೆಯನ್ನು ಇಷ್ಟು ವರ್ಷ ಬೈದವನಿಗೆ ಸೆಂಟ್ರಲ್ ಹೀಟಿಂಗ್ ಬುದ್ಧಿ ಕಲಿಸಿತು. ಒಳಗಿನಿಂದ ಪುಟ್ಟ ಮರದ ಬಿಲ್ಲೆಗಳನ್ನು ಅಂಟಿಸಿ ಪ್ಲಾಸ್ಟರ್ ಹಾಕಿದ್ದಾಯಿತು.

ಕೊನೆಗೆ ಮೆಟ್ಟಿಲುಗಳು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ, ಕಿವಿಯಿಂದಲೇ ಶ್ರುತಿ ನೋಡಿ ಸರಿಪಡಿಸುತ್ತಾರೆ. ಉಕುಲೇಲೆಯಲ್ಲಿ ಲೆಕ್ಕ. ತಂತಿಯ ಉದ್ದ 350 ಮಿಲಿಮೀಟರ್; ಅದನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲು 19.6ರಲ್ಲಿ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸುತ್ತಾ ಹೋದರೆ ಹನ್ನೆರಡನೆಯದು ಸರಿಯಾಗಿ ನಡುವೆ, 175ಕ್ಕೆ ಬರುತ್ತದೆ. ಎಲ್ಲವನ್ನೂ ಒಂದೇ ತುದಿಯಿಂದ ಅಳೆಯಬೇಕು. ನಾನು ಒಂದರಿಂದ ಇನ್ನೊಂದಕ್ಕೆ ಅಳೆದೆ. ಪ್ರತಿ ಸಲ ಅರ್ಧ ಮಿಲಿಮೀಟರ್ ಜಾರಿ, ಐದನೆಯದಕ್ಕೆ ಬರುವಷ್ಟರಲ್ಲಿ ಎರಡೂವರೆ ಆಗಿತ್ತು. ಗರಗಸ ಓಡಿದ ಮೇಲೆ ಗೊತ್ತಾಯಿತು. ಮುಂದಿನವನ್ನು ಸರಿಯಾಗಿ ಅಳೆದೆ. ಇದು ಯಾರಿಗೆ ತಿಳಿದೀತು ಎಂದು ಸುಮ್ಮನಾದೆ.

ತಂತಿ ಕಟ್ಟಿದ ದಿನ ಒಂದು ಸೋಜಿಗ ಕಂಡೆ. ಉಕುಲೇಲೆಯ ನಾಲ್ಕು ತಂತಿಗಳಿಗೆ ನಮ್ಮ ಲೆಕ್ಕದಲ್ಲಿ ಪ, ಸ, ಗ, ದ ಎನ್ನಬಹುದು. ರಿ ಒಂದನ್ನು ಸೇರಿಸಿದರೆ ಮೋಹನ ರಾಗ! ಅಮ್ಮ ಹೊಸ ಮಕ್ಕಳಿಗೆ ಕಲಿಸುತ್ತಿದ್ದ 'ವರವೀಣಾ' ಗೀತೆ ಅದೇ ರಾಗದಲ್ಲಿದೆ. ಓಣಿಯ ಮಕ್ಕಳೆಲ್ಲ ಅದನ್ನು ಕಲಿತರು. ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡವನು ನಾನೊಬ್ಬನೇ. ಆದರೂ ಕಿವಿ ಮರೆತಿರಲಿಲ್ಲ. ಎರಡು ತಿಂಗಳು ತಡವರಿಸಿ ಕಲಿತೆ.

ಈ ಯುಗಾದಿಗೆ ಮಗಳು ಬಂದಾಗ ನುಡಿಸಿ ತೋರಿಸಿದೆ. ವೀಣೆಯ ಗಮಕ ಇದರಲ್ಲಿ ಬಾರದು. ದನಿ ಚಿಗಟದ ಹಾಗೆಯೇ ಜಿಗಿಯುತ್ತದೆ. ಅವಳು ಕೊನೆಯವರೆಗೆ ಕೇಳಿ, "ಅಪ್ಪಾ, ಚೆನ್ನಾಗಿದೆ. ಆದರೆ ಮೇಲೆ ಹೋದಾಗ ಒಂದು ಸ್ವರ ಸ್ವಲ್ಪ ಜಾಸ್ತಿ ಆಗ್ತಿದೆ ಅಲ್ವಾ?" ಎಂದಳು.

ಐದನೆಯ ಮೆಟ್ಟಿಲು. ತಾರಸ್ಥಾಯಿಯ ರಿ. ಅಮ್ಮನೂ ಅಡುಗೆಮನೆಯಿಂದಲೇ ಹೀಗೆ ಶಿಷ್ಯರ ತಪ್ಪು ಹಿಡಿಯುತ್ತಿದ್ದಳು. ನನಗೆ ಬೇಜಾರಾಗಲಿಲ್ಲ, ಎದ್ದು ಹೋಗಿ ಕಾಫಿ ಮಾಡುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಡಿಸೆಂಬರಿನಲ್ಲಿ ನಾವಿಬ್ಬರೂ ಮೈಸೂರಿಗೆ ಹೊರಟಿದ್ದೇವೆ. ಆ ಶಿಷ್ಯೆಯನ್ನು ಹುಡುಕಿ ಮಾತಾಡಿದ್ದಾಯಿತು. ವೀಣೆ ಅವರ ಮನೆಯಲ್ಲೇ ಇದೆಯಂತೆ, ಬಿರುಕನ್ನೂ ಸರಿ ಮಾಡಿಸಿದ್ದಾರಂತೆ, ಅವರ ಮೊಮ್ಮಗಳು ನುಡಿಸುತ್ತಾಳಂತೆ. ವಾಪಸ್ ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ. ಮಗಳು ಒಮ್ಮೆ ಮುಟ್ಟಿ ನೋಡಿದರೆ ಸಾಕು.

ಊರಿನ ಮನೆ ಖಾಲಿ ಮಾಡುವ ಸರದಿ ನಮ್ಮಲ್ಲಿ ಅನೇಕರಿಗೆ ಬರುತ್ತದೆ. ಬಂದಾಗ, ಯಾವುದನ್ನೇ ಕೊಡುವ ಮೊದಲು ಮಕ್ಕಳನ್ನು ಒಂದು ಮಾತು ಕೇಳಿ. ಅವರಿಗೆ ಏನು ಬೇಕು ಎಂಬುದು ನಮಗೆ ಗೊತ್ತಿದೆ ಎಂದುಕೊಂಡು ನಾನು ಕೆಟ್ಟೆ.