ಮಣ್ಣಿನಲ್ಲಿ ಅಡಗುವ ರೋಗಾಣುಗಳು

ಕುಶಾಲನಗರದ ಸಮೀಪದ ದುಬಾರೆಗೆ ಹೋದವರು ಕಾವೇರಿಯಲ್ಲಿ ಆನೆಗಳ ಸ್ನಾನ ಕಂಡು ಹಿಗ್ಗುತ್ತಾರೆ. ದೋಣಿಯಿಂದಿಳಿದು ಬರಿಗಾಲಿನಲ್ಲಿ ದಂಡೆಯ ಕೆಸರು ತುಳಿಯುತ್ತಾರೆ. ಆನೆಗಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಮಾತು ಆ ಕೆಸರಿನದು, ಅದಕ್ಕಿಂತ ಹೆಚ್ಚಾಗಿ ನಮ್ಮ ಗದ್ದೆಗಳ ಮಣ್ಣಿನದು. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ನಮ್ಮ ಅನ್ನಕ್ಕೆ ನೆರವಾಗುವಂಥವು. ರೋಗ ತರುವವು ಕೆಲವೇ; ಅವೂ ಎಲ್ಲ ಮಣ್ಣಿನಲ್ಲಿ ಒಂದೇ ತೆರನಾಗಿ ಬಾಳಲಾರವು.

ಇಲಿಜ್ವರದ ರೋಗಾಣು ಇಲಿ, ದನ, ನಾಯಿಗಳ ಮೂತ್ರದಿಂದ ನೆಲ ಸೇರುತ್ತದೆ. ಬಿಸಿಲು ಮತ್ತು ಒಣಹವೆ ಅದಕ್ಕೆ ಮಾರಕ. ಹುಳಿ ಹೆಚ್ಚಿಲ್ಲದ, ನೆರಳಿನ ತೇವದ ಮಣ್ಣು ದೊರೆತರೆ ಮಾತ್ರ ವಾರಗಟ್ಟಲೆ ಉಳಿದೀತು. 2018ರ ಆಗಸ್ಟ್ ಪ್ರವಾಹದ ಬಳಿಕ ನೆರೆಯ ಕೇರಳದಲ್ಲಿ ಇಲಿಜ್ವರ ಹಬ್ಬಿದ್ದು ಇಂಥ ಕೆಸರಿನಿಂದಲೇ.

ಧನುರ್ವಾಯು ಮತ್ತು ನೆರಡಿ ರೋಗಗಳ ರೋಗಾಣುಗಳ ಬಗೆ ಬೇರೆ. ಅವು ಗಟ್ಟಿ ಕವಚ ತೊಟ್ಟು ಬೀಜಾಣುಗಳಾಗಿ ವರ್ಷಾನುಗಟ್ಟಲೆ ನಿದ್ರಿಸುತ್ತವೆ. ಧನುರ್ವಾಯುವಿಗೆ ಸಗಣಿ ಬೆರೆತ ಮಣ್ಣು ಪ್ರಿಯ. ನೆರಡಿಗೆ ಸುಣ್ಣದ ಅಂಶವುಳ್ಳ ಮಣ್ಣು. ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ದ್ವೀಪದಲ್ಲಿ 1942ರಲ್ಲಿ ನೆರಡಿಯ ಬೀಜಾಣುಗಳನ್ನು ಪ್ರಯೋಗಕ್ಕೆಂದು ಹರಡಿದರು. ಆ ನೆಲ ಸುರಕ್ಷಿತವೆಂದು ಸಾರಿದ್ದು 1990ರಲ್ಲಿ! ಹಠಾತ್ತನೆ ಸತ್ತ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು ಎಂದು ಪಶುವೈದ್ಯರು ಹೇಳುವುದು ಇದಕ್ಕಾಗಿಯೇ.

ನಮಗೆ ಹೆಚ್ಚು ಚಿಂತೆ ತರುವುದು ಮೆಲಿಯಾಯ್ಡೋಸಿಸ್. 1912ರಲ್ಲಿ ರಂಗೂನಿನ ವೈದ್ಯರಾದ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಇದನ್ನು ಮೊದಲು ವರದಿ ಮಾಡಿದರು. ನಮ್ಮ ಕರಾವಳಿಯ ರೋಗಿಗಳಿಗೆ ಮಣಿಪಾಲದ ವೈದ್ಯರು ವರ್ಷಗಳಿಂದ ಚಿಕಿತ್ಸೆ ನೀಡುತ್ತಿದ್ದಾರೆ. ಇದರ ರೋಗಾಣುವಿಗೆ ನೀರು ನಿಲ್ಲುವ ಜೇಡಿಮಣ್ಣಿನ ಗದ್ದೆಯೇ ಮನೆ. ಬೇಸಿಗೆಯಲ್ಲಿ ಆಳದ ತೇವದಲ್ಲಿ ಅಡಗಿದ್ದು, ಮಳೆ ಬಿದ್ದೊಡನೆ ಮೇಲಕ್ಕೆ ಬರುತ್ತದೆ. ಹುಳಿಮಣ್ಣನ್ನೂ ತಾಳಿಕೊಳ್ಳುತ್ತದೆ, ಆದ್ದರಿಂದ ಮಳೆಯಲ್ಲಿ ಸುಣ್ಣದಂಶ ತೊಳೆದುಹೋಗಿರುವ ಮಲೆನಾಡಿನ ನೆಲದಲ್ಲೂ ನಿಶ್ಚಿಂತರಾಗಿರುವಂತಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಇದು ವಿಶೇಷವಾಗಿ ಅಪಾಯಕಾರಿ. ಕಾಲಿನ ಸಣ್ಣ ಬಿರುಕೇ ಇದಕ್ಕೆ ಬಾಗಿಲಾಗಬಹುದು. ಕೆಮ್ಮು, ಜ್ವರ, ತೂಕ ಇಳಿಯುವುದನ್ನು ಕಂಡು ಕ್ಷಯವೆಂದು ಭ್ರಮಿಸಿ ಔಷಧ ಕೊಡುವುದುಂಟು; ಈ ರೋಗ ಅದಕ್ಕೆ ಜಗ್ಗುವುದಿಲ್ಲ. ಸರಿಯಾದ ಚಿಕಿತ್ಸೆಯೆಂದರೆ ಮೊದಲು ವಾರಗಟ್ಟಲೆ ಚುಚ್ಚುಮದ್ದು, ಬಳಿಕ ತಿಂಗಳುಗಟ್ಟಲೆ ಮಾತ್ರೆ.

ಗದ್ದೆಗಿಳಿಯುವಾಗ ಗಂಬೂಟು ಧರಿಸಿರಿ. ಗಾಯವಿದ್ದರೆ ಮುಚ್ಚಿಕೊಳ್ಳಿರಿ, ಮರಳಿದೊಡನೆ ಸಾಬೂನಿನಿಂದ ಕಾಲು ತೊಳೆಯಿರಿ. ಧನುರ್ವಾಯುವಿನ ಚುಚ್ಚುಮದ್ದು ಬಾಕಿಯಿದ್ದರೆ ಹಾಕಿಸಿಕೊಳ್ಳಿರಿ. ಮಳೆಗಾಲದಲ್ಲಿ ಜ್ವರ ಬಂದು ವೈದ್ಯರಲ್ಲಿಗೆ ಹೋದಾಗ, ಅವರು ಕೇಳದಿದ್ದರೂ, ಕೆಸರಿನಲ್ಲಿ ದುಡಿದದ್ದನ್ನೂ ಸಕ್ಕರೆ ಕಾಯಿಲೆಯಿದ್ದರೆ ಅದನ್ನೂ ತಿಳಿಸಿರಿ.