ಚಡಾವು ಹತ್ತುವ ಪಿಕಪ್: ಬಲ ಎಂಜಿನ್ನಿಗೋ, ಗೇರ್ ಬಾಕ್ಸಿಗೋ?

ಪುತ್ತೂರಿನ ದರ್ಬೆ ದಾಟಿ ಮುಕ್ರಂಪಾಡಿ ಕಡೆಗೆ ಹೋಗುವಾಗ ಮಾಣಿ–ಮೈಸೂರು ಹೆದ್ದಾರಿಯ ಬದಿಯಲ್ಲಿ ಗ್ಯಾರೇಜು, ಟಯರ್ ಅಂಗಡಿ, ವೆಲ್ಡಿಂಗ್ ಶೆಡ್ಡುಗಳು ಒಂದರ ಹಿಂದೊಂದು ಸಿಗುತ್ತವೆ. ಅಂಥದೊಂದು ಗ್ಯಾರೇಜಿನ ಅಂಗಳದಲ್ಲಿ ಬೆಳಗ್ಗೆಯೇ ಪಿಕಪ್‌ಗಳು ಸಾಲುಗಟ್ಟಿವೆ. ಒಂದರಲ್ಲಿ ಹಟ್ಟಿಗೊಬ್ಬರದ ವಾಸನೆ. ಇನ್ನೊಂದರ ಹಲಗೆಯ ಮೇಲೆ ರಬ್ಬರ್ ಹಾಲು ಒಣಗಿ ಅಂಟಿದೆ. ಮತ್ತೊಂದರ ತಳದಲ್ಲಿ ಕೆಂಪುಕಲ್ಲಿನ ಹುಡಿ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ, ರಬ್ಬರು, ತೆಂಗು, ಗೊಬ್ಬರ, ಕಲ್ಲು ಎಲ್ಲವೂ ಗುಡ್ಡೆಯ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಹೋಗುವುದು ಹೆಚ್ಚಾಗಿ ಈ ಗಾಡಿಗಳಲ್ಲೇ.

ಹಳೆಯ ಡಿಐ ಪಿಕಪ್ ತಂದ ಕೃಷಿಕರೊಬ್ಬರು ಮೆಕ್ಯಾನಿಕ್ ಹತ್ತಿರ ಹೇಳುತ್ತಿದ್ದರು: “ಚಡಾವಿನಲ್ಲಿ ಎಳೆಯುದೇ ಇಲ್ಲ ಮಾರಾಯ್ರೆ. ಡೀಸೆಲ್ ಪಂಪ್ ಸ್ವಲ್ಪ ಜಾಸ್ತಿ ಮಾಡಿ ಕೊಡಿ.” ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಉತ್ತರ ಕೊಟ್ಟರು: “ಜಾಸ್ತಿ ಮಾಡ್ಲಿಕ್ಕೆ ಹೆಚ್ಚು ಹೊತ್ತು ಬೇಡ ಅಣ್ಣ. ಮತ್ತೆ ಗೇರ್ ಬಾಕ್ಸ್ ಇಳಿಸ್ಲಿಕ್ಕೆ ಬರುದು ಬೇಡ ಅಂತ ಹೇಳುದು.”

ಈ ಮೂರು ತಾಲೂಕುಗಳ ಗ್ಯಾರೇಜುಗಳನ್ನು ಸುತ್ತಿದರೆ ಎಲ್ಲ ಕಡೆಯೂ ಇದೇ ಮಾತುಕತೆ. ಎಂಜಿನ್ನಿನ ಬಲ ಹೆಚ್ಚಿಸುವುದು ಈಗ ಸುಲಭ. ಆ ಬಲವನ್ನು ಚಕ್ರದವರೆಗೆ ಹೊತ್ತೊಯ್ಯುವ ಕ್ಲಚ್, ಗೇರ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಕ್ರೌನ್ ಪಿನಿಯನ್‌ಗಳನ್ನು ಉಳಿಸಿಕೊಳ್ಳುವುದು ಕಷ್ಟ. ನಮ್ಮ ಗುಡ್ಡೆಯ ದಾರಿಗೆ ಬೇಕಾದ ಪಿಕಪ್ ತಯಾರಾಗುವುದು ಈ ಎರಡನೆಯ ಕೆಲಸದಲ್ಲೇ.

ಪುತ್ತೂರು: ಬೆಂಚಿನ ಮೇಲೆ ಬಿಚ್ಚಿದ ಗೇರ್ ಬಾಕ್ಸ್

ಗ್ಯಾರೇಜಿನ ಒಳಗೆ ಬೆಂಚಿನ ಮೇಲೆ ಒಂದು ಗೇರ್ ಬಾಕ್ಸ್ ಬಿಚ್ಚಿಕೊಂಡು ಕುಳಿತಿದೆ. ಕೆಳಗಿನ ಟ್ರೇಯಲ್ಲಿ ಅದರಿಂದ ಇಳಿಸಿದ ಆಯಿಲ್. ಬೆಳಕಿಗೆ ಓರೆ ಮಾಡಿ ಹಿಡಿದರೆ ಅದರಲ್ಲಿ ಬಂಗಾರದ ಬಣ್ಣದ ಹುಡಿ ಮಿನುಗುತ್ತದೆ. ಅದು ಹಿತ್ತಾಳೆಯದು, ಸಿಂಕ್ರೊನೈಸರ್ ರಿಂಗ್ ಸವೆದು ಬಂದದ್ದು. ಡ್ರೈನ್ ನಟ್ಟಿನ ಆಯಸ್ಕಾಂತಕ್ಕೆ ಕಪ್ಪು ಉಕ್ಕಿನ ಪುಡಿ ಹತ್ತಿದೆ. ಪುಡಿ ನುಣ್ಣಗಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕಿದರೆ ಹಲ್ಲು ಮುರಿಯುತ್ತಿದೆ ಅಥವಾ ಬೇರಿಂಗ್ ಹೋಗುತ್ತಿದೆ ಎಂದೇ ಲೆಕ್ಕ. ಪಕ್ಕದಲ್ಲಿ ಕ್ಲಚ್ ಪ್ಲೇಟ್ ರಿವೆಟ್‌ವರೆಗೂ ಸವೆದು ಬಿದ್ದಿದೆ. ಫ್ಲೈವೀಲ್ ಮುಖದಲ್ಲಿ ನೀಲಿ ಕಲೆಗಳಿವೆ. ಉಕ್ಕು ವಿಪರೀತ ಕಾದಾಗ ಮಾತ್ರ ಆ ನೀಲಿ ಬರುತ್ತದೆ.

ಚಡಾವಿನ ಮಧ್ಯೆ ಗಾಡಿ ನಿಲ್ಲಿಸಿ ಹಾಫ್ ಕ್ಲಚ್‌ನಲ್ಲಿ ಹಿಡಿದುಕೊಳ್ಳುವುದು, ಓಡಿಸುವಾಗ ಎಡಗಾಲನ್ನು ಕ್ಲಚ್ ಮೇಲೆಯೇ ಇಟ್ಟುಕೊಳ್ಳುವುದು, ಭಾರ ಹೇರಿ ಸೆಕೆಂಡ್ ಗೇರಿನಲ್ಲಿ ಹೊರಡುವುದು: ನೀಲಿ ಕಲೆಗೆ ಹೆಚ್ಚಾಗಿ ಕಾರಣ ಇವೇ. ಹ್ಯಾಂಡ್ ಬ್ರೇಕ್ ಹಿಡಿದು, ಫಸ್ಟ್ ಗೇರಿಗೆ ಹಾಕಿ, ಕ್ಲಚ್ ಕಚ್ಚಿದ ಮೇಲೆ ಬ್ರೇಕ್ ಬಿಡುವ ಡ್ರೈವರನ ಗಾಡಿಯಲ್ಲಿ ಅದೇ ಪ್ಲೇಟು ಎಷ್ಟೋ ಪಟ್ಟು ಬಾಳುತ್ತದೆ. ಆ ಹ್ಯಾಂಡ್ ಬ್ರೇಕ್ ಸರಿ ಹಿಡಿಯುವಂತೆ ಇಟ್ಟುಕೊಳ್ಳುವುದೂ ಗೇರ್ ಬಾಕ್ಸ್ ಕಾಪಾಡುವ ಕೆಲಸವೇ.

ಎಳೆತ ಸಾಲದು ಎಂದು ಬರುವ ಗಾಡಿಗಳಲ್ಲಿ ಕಂಪೆನಿ ಕೊಟ್ಟ ಬಲವೇ ಎಲ್ಲೋ ಸೋರಿಹೋಗಿರುವುದು ಸಾಮಾನ್ಯ. ಬೇಸಿಗೆಯ ಕೆಂಪು ಧೂಳಿಗೆ ಏರ್ ಫಿಲ್ಟರ್ ಕಟ್ಟಿರುತ್ತದೆ. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಹೋಸ್ ಸಣ್ಣಗೆ ಸೀಳಿರುತ್ತದೆ. ಡೀಸೆಲ್ ಫಿಲ್ಟರಿನಲ್ಲಿ ನೀರು ನಿಂತಿರುತ್ತದೆ. ಒಂದು ಚಕ್ರದ ಬ್ರೇಕ್ ಅಂಟಿಕೊಂಡಿರುತ್ತದೆ. ನೋಡಲು ಚೆಂದ ಎಂದು ದೊಡ್ಡ ಟಯರ್ ಹಾಕಿಸಿದ್ದರೂ ಎಳೆತ ಹೋಗುತ್ತದೆ. 28 ಇಂಚಿನ ಟಯರ್ ತೆಗೆದು 31 ಇಂಚಿನದು ಹಾಕಿದರೆ ಚಕ್ರದ ಎಳೆತ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಆ ಕೊರತೆಯನ್ನು ತುಂಬಲು ಎಂಜಿನ್ ಟ್ಯೂನ್ ಮಾಡಿಸಿದರೆ ಎರಡು ಸಲ ಖರ್ಚು, ಒಂದು ಸಲ ಗೇರ್ ಬಾಕ್ಸಿಗೆ ಪೆಟ್ಟು. ಕಳೆದುಹೋದ ಬಲವನ್ನು ಮೊದಲು ಹುಡುಕಿ ತರಬೇಕು, ಹೊಸದನ್ನು ಕೇಳುವುದು ಆಮೇಲೆ.

ಸುಳ್ಯ: ಲೆಕ್ಕ ಹಾಕಬೇಕಾದ ಜಾಗ

ಕುಂಬ್ರ, ಕಾವು, ಕನಕಮಜಲು, ಜಾಲ್ಸೂರು ದಾಟಿ ಸುಳ್ಯಕ್ಕೆ ಬಂದರೆ ಪಯಸ್ವಿನಿ ನದಿ ಜೊತೆಗೂಡುತ್ತದೆ. ಇಲ್ಲಿಂದ ಮುಂದೆ ಅರಂತೋಡು, ಸಂಪಾಜೆ, ಆಮೇಲೆ ಮಡಿಕೇರಿಯವರೆಗೆ ಘಾಟಿ. ಸಂಪಾಜೆಯಿಂದ ಮಡಿಕೇರಿಗೆ ಹೆಚ್ಚುಕಡಿಮೆ ಸಾವಿರ ಮೀಟರ್ ಏರು. ಭಾರ ಹೇರಿದ ಪಿಕಪ್ಪಿನ ನಿಜವಾದ ಪರೀಕ್ಷೆ ಇಲ್ಲೇ.

ಸುಳ್ಯದ ಒಳಊರುಗಳಲ್ಲಿ ಜೀಪಿನ ಇತಿಹಾಸ ದೊಡ್ಡದು. ಬಸ್ಸು ಹೋಗದ ಕಡೆ ಜನರನ್ನು ಹೊತ್ತದ್ದು ಸರ್ವಿಸ್ ಜೀಪುಗಳು. ಮಹೀಂದ್ರ ಕಂಪೆನಿ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಪೆಟ್ರೋಲ್ ದುಬಾರಿಯಾದಂತೆ ಹಳೆಯ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ಎಲ್ಲೆಡೆ ನಡೆಯಿತು. ಎಂಎಂ 540ರಲ್ಲಿ ಬಂದ 2,112 ಸಿಸಿಯ ಪ್ಯೂಜೋ ಎಂಜಿನ್, ಆಮೇಲಿನ 2,523 ಸಿಸಿಯ ಡಿಐ ಎಂಜಿನ್ ಇವೆರಡೂ ಈ ಸೀಮೆಯ ಮೆಕ್ಯಾನಿಕ್‌ಗಳ ಕೈಗೆ ಪಳಗಿದವು. ಡೀಸೆಲ್ ಎಂಜಿನ್ನಿನ ಒಂದೊಂದು ಹೊಡೆತವೂ ಪೆಟ್ರೋಲಿಗಿಂತ ಗಡಸು. ಕ್ಲಚ್ ಪ್ಲೇಟಿನ ನಡುವೆ ಸುತ್ತಲೂ ಕೂರಿಸಿದ ಸಣ್ಣ ಸ್ಪ್ರಿಂಗ್‌ಗಳು ಆ ಹೊಡೆತವನ್ನು ನುಂಗಿ, ಗೇರಿನ ಹಲ್ಲಿಗೆ ಮೆತ್ತಗೆ ದಾಟಿಸುತ್ತವೆ. ಎಂಜಿನ್ ಬದಲಿಸಿ ಹಳೆಯ ಪ್ಲೇಟನ್ನೇ ಉಳಿಸಿಕೊಂಡರೆ ಮೊದಲು ಸೋಲುವುದು ಆ ಸ್ಪ್ರಿಂಗ್‌ಗಳು.

ಈಗ ಲೆಕ್ಕಕ್ಕೆ ಬರೋಣ. ಬಿಎಸ್-6 ಬೊಲೆರೊ ಪಿಕಪ್ಪಿನ 2,523 ಸಿಸಿ ಎಂಜಿನ್ ನಿಮಿಷಕ್ಕೆ 3,200 ಸುತ್ತಿನಲ್ಲಿ 75 ಎಚ್‌ಪಿ ಕೊಡುತ್ತದೆ. ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, 1,400ರಿಂದ 2,200 ಸುತ್ತಿನ ನಡುವೆ 200 ನ್ಯೂಟನ್ ಮೀಟರ್. ಗೇರಿನ ಹಲ್ಲನ್ನು ಮುರಿಯುವುದು ಟಾರ್ಕ್. ಎಚ್‌ಪಿ ಎಂದರೆ ಟಾರ್ಕನ್ನು ಸುತ್ತಿನ ವೇಗದಿಂದ ಗುಣಿಸಿ ಬಂದದ್ದು. ಮೇಲಿನ ಅಂಕಿಯಿಂದ ಲೆಕ್ಕ ಹಾಕಿದರೆ 3,200 ಸುತ್ತಿಗೆ ಬರುವಾಗ ಟಾರ್ಕ್ ಸುಮಾರು 167ಕ್ಕೆ ಇಳಿದಿರುತ್ತದೆ. ಟ್ಯೂನ್ ಮಾಡುವವರು ಕೆಳಗಿನ 200ನ್ನು ಮುಟ್ಟದೆ, ಮೇಲಿನ ಸುತ್ತಿನಲ್ಲಿ ಮಾತ್ರ ಅದನ್ನು 190ರ ಹತ್ತಿರ ನಿಲ್ಲಿಸಿದರೆ ಎಂಜಿನ್ 85 ಎಚ್‌ಪಿ ಮುಟ್ಟುತ್ತದೆ. ಗೇರ್ ಬಾಕ್ಸ್ ಮೊದಲಿನಿಂದಲೂ ಹೊರುತ್ತಿದ್ದ ಗರಿಷ್ಠ ಬಲಕ್ಕಿಂತ ಒಂದಿಷ್ಟೂ ಹೆಚ್ಚು ಹೊರಬೇಕಾಗಿಲ್ಲ.

ಆದರೆ ಹೆಚ್ಚಿನವರಿಗೆ ಬೇಕಾಗುವುದು ಕೆಳಗಿನ ಸುತ್ತಿನ ಎಳೆತ. 1,500 ಸುತ್ತಿನಲ್ಲೇ ಟಾರ್ಕನ್ನು 250ಕ್ಕೆ ಏರಿಸಿದರೆ ಸೀಟಿಗೆ ಒತ್ತಿದ ಹಾಗೆ ಗಾಡಿ ಏಳುತ್ತದೆ, ಮಾಲಕರಿಗೆ ಖುಷಿಯಾಗುತ್ತದೆ. ಅಪಾಯ ಇರುವುದೂ ಅಲ್ಲೇ. ಇನ್‌ಪುಟ್ ಶಾಫ್ಟಿನಿಂದ ಹಿಡಿದು ಹಿಂದಿನ ಆಕ್ಸಲ್‌ವರೆಗೆ ಪ್ರತಿಯೊಂದು ಹಲ್ಲೂ ಶೇ. 25ರಷ್ಟು ಹೆಚ್ಚು ಭಾರ ಹೊರಬೇಕು, ಅದೂ ಗಾಡಿಗೆ ಗರಿಷ್ಠ ಲೋಡು ಇದ್ದಾಗ, ಫಸ್ಟ್ ಗೇರಿನಲ್ಲಿ.

ಅದೇ ಎಳೆತಕ್ಕೆ ಇನ್ನೊಂದು ದಾರಿ ಹಿಂದಿನ ಆಕ್ಸಲಿನ ಹೌಸಿಂಗಿನಲ್ಲಿ, ಕ್ರೌನ್ ಪಿನಿಯನ್ನಿನಲ್ಲಿದೆ. ಲೆಕ್ಕ ಸುಲಭವಾಗಲು ಫಸ್ಟ್ ಗೇರ್ 4ಕ್ಕೆ 1, ಕ್ರೌನ್ ಪಿನಿಯನ್ 4ಕ್ಕೆ 1 ಎಂದು ಇಟ್ಟುಕೊಳ್ಳಿ. 200 ನ್ಯೂಟನ್ ಮೀಟರ್ ಗೇರ್ ಬಾಕ್ಸ್ ದಾಟಿ 800 ಆಗುತ್ತದೆ, ಕ್ರೌನ್ ದಾಟಿ 3,200. ಎಂಜಿನ್ನನ್ನು 250ಕ್ಕೆ ಏರಿಸಿದರೆ ಚಕ್ರಕ್ಕೆ 4,000 ಬರುತ್ತದೆ. ಎಂಜಿನ್ ಮುಟ್ಟದೆ ಕ್ರೌನ್ ಪಿನಿಯನ್ನನ್ನು 5ಕ್ಕೆ 1 ಮಾಡಿದರೂ ಅದೇ 4,000. ವ್ಯತ್ಯಾಸ ಇಷ್ಟೇ: ಎರಡನೆಯ ದಾರಿಯಲ್ಲಿ ಕ್ಲಚ್ಚಿಗೂ ಗೇರ್ ಬಾಕ್ಸಿಗೂ ಒಂದು ಚೂರೂ ಹೆಚ್ಚಿನ ಭಾರ ಇಲ್ಲ. ವಿಲ್ಲೀಸ್ ಜೀಪಿನ ನಾಗರಿಕ ಮಾದರಿಗಳಲ್ಲಿ ಕ್ರೌನಿಗೆ 43, ಪಿನಿಯನ್ನಿಗೆ 8 ಹಲ್ಲು, ಅಂದರೆ 5.38. ಸಣ್ಣ ಎಂಜಿನ್ ಇಟ್ಟುಕೊಂಡೂ ಆ ಜೀಪುಗಳು ಕಾಡುದಾರಿ ಏರಿದ್ದರ ಗುಟ್ಟಿನಲ್ಲಿ ಇದೂ ಒಂದು.

ಇದಕ್ಕೂ ಬೆಲೆ ಇದೆ. ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಕಾಲು ಪಾಲು ಹೆಚ್ಚು ಸುತ್ತಬೇಕು, ಡೀಸೆಲ್ ಹೆಚ್ಚು ಬೇಕು. ಪಿನಿಯನ್ ಸಣ್ಣದಾಗುವುದರಿಂದ ಅದರ ಹಲ್ಲಿನ ಮೇಲೆ ಒತ್ತಡ ಜಾಸ್ತಿ. ಶಿಮ್ ಇಟ್ಟು ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲು, ಸರಿಯಾಗಿ ಕೂರಿಸಬಲ್ಲ ನುರಿತ ಕೈ ಬೇಕು. ನಿತ್ಯ ಮಂಗಳೂರಿಗೆ ಓಡುವ ಗಾಡಿಗೆ ಇದು ಹೇಳಿದ್ದಲ್ಲ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಮಾತ್ರ ಓಡುವ ಗಾಡಿಗೆ ಇದರಷ್ಟು ಹಿತವಾದ ಬದಲಾವಣೆ ಬೇರೆ ಇಲ್ಲ.

ಕ್ಲಚ್ ಬಗ್ಗೆಯೂ ಒಂದು ಮಾತು. ಬಲ ಹೆಚ್ಚಿಸಿದ ಮೇಲೆ ಜಾರದಿರಲಿ ಎಂದು ಸಿಕ್ಕಿದ್ದರಲ್ಲೇ ಅತಿ ಗಟ್ಟಿಯಾದ ಪ್ರೆಷರ್ ಪ್ಲೇಟ್ ಹಾಕಿಸುವವರಿದ್ದಾರೆ. ಮನೆಯ ಫ್ಯೂಸ್ ಇದ್ದ ಹಾಗೆ ಕ್ಲಚ್. ವಿಪರೀತ ಎಳೆತ ಬಂದಾಗ ಅದು ಜಾರಬೇಕು, ಒಳಗಿನ ಹಲ್ಲು ಉಳಿಯಬೇಕು. ಎಂಜಿನ್ನಿನ ಹೊಸ ಟಾರ್ಕಿಗೆ ತಕ್ಕಷ್ಟು, ಸ್ವಲ್ಪ ಮೇಲೆ ಹಿಡಿತ ಇದ್ದರೆ ಸಾಕು.

ಘಾಟಿ ಇಳಿಯುವಾಗಿನ ಲೆಕ್ಕ ಬೇರೆ. ಹತ್ತಿದ ಗೇರಿನಲ್ಲೇ ಇಳಿಯುವುದು ಹಳೆಯ ಡ್ರೈವರುಗಳ ನಿಯಮ. ಆಗ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ಕಾಯುವುದಿಲ್ಲ. ಎಷ್ಟು ಎಚ್‌ಪಿ ಏರಿಸಿದರೂ ಇಳಿಯುವಾಗ ಅದು ಉಪಯೋಗಕ್ಕೆ ಬಾರದು. ಆದ್ದರಿಂದ ಬಲ ಹೆಚ್ಚಿಸಿದ್ದೇವೆಂದು ಲೋಡು ಹೆಚ್ಚಿಸುವುದು ತಪ್ಪು. 1.3 ಟನ್ ಅಥವಾ 1.7 ಟನ್ ಎಂದು ಕಂಪೆನಿ ಬರೆದದ್ದು ಬ್ರೇಕು, ಚಾಸಿಸ್, ಆಕ್ಸಲ್ ಎಲ್ಲವನ್ನೂ ಲೆಕ್ಕ ಹಾಕಿಯೇ.

ಕಡಬ: ನೀರಿನ ಪರೀಕ್ಷೆ

ಸುಳ್ಯದಿಂದ ಎಲಿಮಲೆ, ಗುತ್ತಿಗಾರು ಮೂಲಕ ಸುಬ್ರಹ್ಮಣ್ಯ. ಅಲ್ಲಿಂದ ಕೈಕಂಬ, ಬಿಳಿನೆಲೆ, ಮರ್ದಾಳ ದಾಟಿ ಕಡಬ. ಪುತ್ತೂರು, ಸುಳ್ಯದ ಗ್ರಾಮಗಳನ್ನು ಸೇರಿಸಿ ಮಾಡಿದ ಹೊಸ ತಾಲೂಕು ಇದು. ಪುಷ್ಪಗಿರಿಯ ಕಡೆಯಿಂದ ಬರುವ ಕುಮಾರಧಾರಾ ಇದೇ ಸೀಮೆಯನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ, ಘಟ್ಟದ ಬುಡದ ಈ ಊರುಗಳಲ್ಲಿ ತೋಟಕ್ಕೆ ಹೋಗುವ ದಾರಿಗೆ ತೋಡು ಅಡ್ಡ ಬರದೇ ಇರುವುದೇ ಅಪರೂಪ.

ಇಲ್ಲಿ ಗೇರ್ ಬಾಕ್ಸಿನ ಶತ್ರು ನೀರು. ಚಡಾವು ಹತ್ತಿ ಬಂದ ಗಾಡಿಯ ಹೌಸಿಂಗ್ ಕೈ ಇಡಲಾಗದಷ್ಟು ಬಿಸಿ ಇರುತ್ತದೆ. ಹಾಗೆಯೇ ತೋಡಿಗೆ ಇಳಿದರೆ ತಣ್ಣೀರು ತಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿಯ ಜಾಗಕ್ಕೆ ಬ್ರೀದರ್ ರಂಧ್ರದಿಂದ, ಸವೆದ ಆಯಿಲ್ ಸೀಲಿನಿಂದ ನೀರು ಒಳಗೆ ನುಗ್ಗುತ್ತದೆ. ಮಳೆಗಾಲ ಮುಗಿದು ಆಯಿಲ್ ಇಳಿಸಿದಾಗ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ನೀರು ಸೇರಿದೆ ಎಂದೇ ಅರ್ಥ. ಆ ಆಯಿಲ್ ಹಲ್ಲಿನ ನಡುವೆ ಪದರವಾಗಿ ನಿಲ್ಲುವುದಿಲ್ಲ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಎಂಜಿನ್ ಬಲ ಹೆಚ್ಚಿಸಿದ ಗಾಡಿಯಲ್ಲಿ ಈ ಹಾನಿ ಬೇಗ ಆಗುತ್ತದೆ.

ಪರಿಹಾರ ಅಗ್ಗ. ಬ್ರೀದರಿಗೆ ರಬ್ಬರ್ ಹೋಸ್ ಸಿಕ್ಕಿಸಿ ಅದರ ತುದಿಯನ್ನು ಬಾನೆಟ್ ಎತ್ತರಕ್ಕೆ ಒಯ್ದು ಕಟ್ಟಬೇಕು. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಆಯಿಲ್ ಪರೀಕ್ಷಿಸಬೇಕು. ಗೇರ್ ಬಾಕ್ಸಿಗೂ ಹೌಸಿಂಗಿಗೂ ಒಂದೇ ಡಬ್ಬದ ಆಯಿಲ್ ಸುರಿಯಬಾರದು. ಹೌಸಿಂಗಿನ ಕ್ರೌನ್ ಪಿನಿಯನ್ನಿಗೆ ಸಾಮಾನ್ಯವಾಗಿ ಬೇಕಾಗುವ ಜಿಎಲ್-5 ದರ್ಜೆಯ ಆಯಿಲಿನ ರಾಸಾಯನಿಕಗಳು ಗೇರ್ ಬಾಕ್ಸಿನ ಹಿತ್ತಾಳೆ ರಿಂಗಿಗೆ ಒಗ್ಗದೇ ಹೋಗಬಹುದು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಯಾವುದಕ್ಕೆ ಯಾವ ದರ್ಜೆ ಎಂದು ಬರೆದಿರುತ್ತದೆ. ಅದನ್ನೇ ಕೇಳಿ ಹಾಕಿಸಬೇಕು.

ಫೋರ್ ವೀಲ್ ಇರುವ ಬೊಲೆರೊ ಕ್ಯಾಂಪರ್, ಹಳೆಯ ಜೀಪುಗಳಿಗೆ ಇನ್ನೊಂದು ವರ ಇದೆ, ಲೋ ಗೇರ್. ಲೋ ಹಾಕಿದರೆ ಎಳೆತ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಯಾವ ಟ್ಯೂನಿಂಗೂ ಅಷ್ಟು ಕೊಡಲಾರದು. ಕೆಸರಿನ ಚಡಾವಿನಲ್ಲಿ ಕ್ಲಚ್ ಸುಡುವ ಬದಲು ಲೋ ಹಾಕಿ ನಿಧಾನ ಹತ್ತುವ ಡ್ರೈವರ್ ಗೇರ್ ಬಾಕ್ಸಿನ ಆಯುಷ್ಯ ಹೆಚ್ಚಿಸುತ್ತಾನೆ. ಒಣಗಿದ ಕಾಂಕ್ರೀಟ್ ಅಥವಾ ಡಾಮರು ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ಬಿಡಿಸಬೇಕು. ಇಲ್ಲವಾದರೆ ತಿರುವಿನಲ್ಲಿ ಮುಂದಿನ, ಹಿಂದಿನ ಶಾಫ್ಟುಗಳು ಒಂದನ್ನೊಂದು ಎಳೆದಾಡಿ ಹಲ್ಲು ಕೀಳುತ್ತವೆ.

ಕಾನೂನು, ಖರ್ಚು, ಕ್ರಮ

ಮೂರು ತಾಲೂಕಿನ ಈ ಗಾಡಿಗಳ ಮೇಲೆ ಹೆಚ್ಚಾಗಿ ಕಾಣುವುದು ಪುತ್ತೂರಿನ ಕೆಎ-21 ನಂಬರು. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪೆನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸುವುದಿದ್ದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ದಾಖಲೆ ಇಲ್ಲದ ಬದಲಾವಣೆ ಇದ್ದರೆ ಅಪಘಾತವಾದಾಗ ವಿಮೆಗೆ ತಕರಾರು ಬರುತ್ತದೆ. ವಾರಂಟಿ ಇರುವ ಬಿಎಸ್-6 ಗಾಡಿಯ ಕಂಪ್ಯೂಟರ್ ಮುಟ್ಟಿದರೆ ವಾರಂಟಿ ಕೈತಪ್ಪಬಹುದು, ಕಪ್ಪು ಹೊಗೆ ಬಂದರೆ ಎಮಿಷನ್ ಟೆಸ್ಟ್ ಪಾಸಾಗದು.

ಹಾಗಾದರೆ ದುಡ್ಡನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕು? ಮೊದಲು ಫಿಲ್ಟರು, ಹೋಸು, ಬ್ರೇಕು, ಕಂಪೆನಿ ಅಳತೆಯ ಟಯರು. ಎರಡನೆಯದು ಆಯಿಲ್, ಸೀಲ್, ಬ್ರೀದರ್ ಹೋಸ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಗೇರ್ ಬಾಕ್ಸ್ ಮೌಂಟಿಂಗ್. ಮೂರನೆಯದು ಕ್ಲಚ್. ಇಷ್ಟಾದ ಮೇಲೂ ಎಳೆತ ಸಾಲದಿದ್ದರೆ ಕ್ರೌನ್ ಪಿನಿಯನ್ನಿನ ಲೆಕ್ಕ. ಎಂಜಿನ್ನಿಗೆ ಕೈ ಹಾಕುವುದು ಕೊನೆಗೆ, ಕಾನೂನು ಬಿಟ್ಟಷ್ಟೇ, ಅದೂ ಮೇಲಿನ ಸುತ್ತಿನಲ್ಲಿ ಮಾತ್ರ. ಈ ಕ್ರಮದಲ್ಲಿ ನಡೆದವರಲ್ಲಿ ಹೆಚ್ಚಿನವರಿಗೆ ಕೊನೆಯ ಹಂತದ ಅಗತ್ಯವೇ ಬೀಳದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಆಗುವ ನಷ್ಟದ ಮುಂದೆ ಹತ್ತು ಎಚ್‌ಪಿಯ ಲಾಭ ಏನೂ ಅಲ್ಲ. ಗುಡ್ಡೆಯ ಕೃಷಿಕರಿಗೆ ಬೇಕಾದದ್ದು ನಿತ್ಯ ಲೋಡು ಹೊತ್ತು ಚಡಾವು ಹತ್ತಿ, ಸುರಕ್ಷಿತವಾಗಿ ಇಳಿದು ಬರುವ ಗಾಡಿ.