ವಸ್ತುಸಂಗ್ರಹಾಲಯದ ಜಾಲತಾಣ: ಎಲ್ಲರಿಗೂ ಎಟುಕುವಂತೆ ಮರುರೂಪಿಸುವ ಬಗೆ

ಅಂಗಡಿಯ ಬಾಗಿಲಿನ ಮಹತ್ವವನ್ನು ವ್ಯಾಪಾರಸ್ಥರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ಎಷ್ಟೇ ಒಳ್ಳೆಯ ಸರಕಿದ್ದರೂ ಗಿರಾಕಿಯು ಮೆಟ್ಟಿಲು ಹತ್ತಲಾರದಿದ್ದರೆ ಅದು ಅವನ ಪಾಲಿಗೆ ಇಲ್ಲದಂತೆಯೇ. ಇಂದಿನ ದಿನಗಳಲ್ಲಿ ಜಾಲತಾಣವೂ ಅಂಥದೇ ಒಂದು ಬಾಗಿಲು. ಆ ಬಾಗಿಲನ್ನು ಎಲ್ಲರಿಗೂ ತೆರೆದಿಡುವ ಕೆಲಸವನ್ನು ವಸ್ತುಸಂಗ್ರಹಾಲಯಗಳು ಹೇಗೆ ಮಾಡುತ್ತಿವೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ವಾಣಿಜ್ಯ ಪತ್ರಿಕೆಗೆ ವಸ್ತುಸಂಗ್ರಹಾಲಯದ ವಿಷಯವೇಕೆ ಎಂದು ಕೆಲವು ಸದಸ್ಯರಿಗೆ ಅನಿಸಬಹುದು. ಸಂಗ್ರಹಾಲಯದ ಜಾಲತಾಣವೆಂದರೆ ಅನೇಕ ವಸ್ತುಗಳ ಚಿತ್ರ, ಹೆಸರು, ಅಳತೆ ಮತ್ತು ವಿವರಣೆಗಳ ಪಟ್ಟಿ. ವ್ಯಾಪಾರಿಯ ಜಾಲತಾಣವೂ ಅದೇ, ಬೆಲೆಯೊಂದು ಹೆಚ್ಚು. ಅಲ್ಲಿ ಕಲಿತದ್ದು ಇಲ್ಲಿ ಹಾಗೆಯೇ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಕಾರಣವೂ ಉಂಟು. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳು ಪರಂಪರೆಯ ದೃಷ್ಟಿಯಿಂದ ಶ್ರೀಮಂತವಾಗಿವೆ. ಕದಂಬರ ರಾಜಧಾನಿಯಾಗಿದ್ದ ಬನವಾಸಿ, ಅರಸರು ಆಳಿದ ಸೋದೆ, ಬಿಳಗಿಯ ಬಸದಿ, ಶಿರಸಿ-ಸಿದ್ದಾಪುರ ಸೀಮೆಯ ಗುಡಿಗಾರರ ಶ್ರೀಗಂಧದ ಕೆತ್ತನೆ, ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ, ಯಲ್ಲಾಪುರ ಭಾಗದ ಸಿದ್ದಿ ಸಮುದಾಯದ ಕೌದಿ ಇವೆಲ್ಲ ನಮ್ಮಲ್ಲಿವೆ. ದೂರದ ಪ್ರವಾಸಿಯು ಇವುಗಳನ್ನು ಮೊದಲು ಹುಡುಕುವುದು ಮೊಬೈಲಿನಲ್ಲಿ. ಅಲ್ಲಿ ದೊರೆಯದಿದ್ದರೆ ಜೋಗದ ಜಲಪಾತವನ್ನು ನೋಡಿ ಹಿಂದಿರುಗುತ್ತಾನೆ. ನಮ್ಮ ಹೋಟೆಲು, ಅಂಗಡಿ, ಕರಕುಶಲ ಘಟಕಗಳಿಗೆ ಬರಬಹುದಾಗಿದ್ದ ಆದಾಯವೂ ಅವನ ಜೊತೆಗೇ ಹೋಗುತ್ತದೆ.

ಸುಗಮ ಲಭ್ಯತೆ ಎಂದರೇನು?

ಜಾಲತಾಣದಲ್ಲಿರುವ ಮಾಹಿತಿಯನ್ನು ಕಣ್ಣು, ಕಿವಿ ಅಥವಾ ಕೈಗಳ ಶಕ್ತಿ ಕುಂದಿದವರೂ ಇತರರಷ್ಟೇ ಸರಾಗವಾಗಿ ಪಡೆಯುವಂತಿರುವುದನ್ನು ಸುಗಮ ಲಭ್ಯತೆ ಎನ್ನಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ. ದೇಶದಲ್ಲಿ ದೃಷ್ಟಿದೋಷವುಳ್ಳವರೇ 50 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಅನೇಕರು ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವು ಕನ್ನಡವನ್ನೂ ಓದಬಲ್ಲದು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ.

ಆದರೆ ಪ್ರಯೋಜನ ಇವರಿಗಷ್ಟೇ ಅಲ್ಲ. ಅರವತ್ತು ದಾಟಿ ಸಣ್ಣ ಅಕ್ಷರ ಕಾಣದಾದವರು, ಕನ್ನಡವನ್ನಷ್ಟೇ ಓದಬಲ್ಲವರು, ಘಟ್ಟದ ಹಳ್ಳಿಗಳಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವವರು, ಇವರೆಲ್ಲರೂ ಇದೇ ಬಾಗಿಲಿನಿಂದ ಬರುವವರು. ಭಾರೀ ಗಾತ್ರದ ಚಿತ್ರಗಳನ್ನು ಹೇರಿದ ಪುಟವು ಪೇಟೆಯಲ್ಲಿ ಥಟ್ಟನೆ ತೆರೆದರೂ ಕಾಡಿನಂಚಿನ ಊರಿನಲ್ಲಿ ತೆರೆಯುವುದೇ ಇಲ್ಲ.

ನಮ್ಮ ರಾಜ್ಯದ ಒಂದು ನಿದರ್ಶನ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಈ ದೃಷ್ಟಿಯಿಂದ ಗಮನಾರ್ಹ. ಅದರ ಕಟ್ಟಡವು ಸಾರ್ವಜನಿಕರಿಗೆ ತೆರೆದದ್ದು 2023ರ ಫೆಬ್ರವರಿಯಲ್ಲಿ. ಆದರೆ ಕೊರೊನಾ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿಯೇ, ಅದು ಅಂತರಜಾಲದಲ್ಲಿ ತನ್ನ ಬಾಗಿಲನ್ನು ತೆರೆದಿತ್ತು. ಅಂಗವೈಕಲ್ಯವುಳ್ಳ ಸಂದರ್ಶಕರ ಅಗತ್ಯಗಳನ್ನು ಅದು ತನ್ನ ಯೋಜನೆಯ ಭಾಗವನ್ನಾಗಿ ಮಾಡಿಕೊಂಡಿತು. ಕಟ್ಟಡಕ್ಕೆ ಮೊದಲು ಜಾಲತಾಣ ಎಂಬ ಈ ಕ್ರಮವು, ಕಟ್ಟಡ ಕಟ್ಟಲು ಹಣವಿಲ್ಲದ ಸಣ್ಣ ಊರುಗಳಿಗೂ ಒಂದು ದಾರಿಯನ್ನು ತೋರಿಸುತ್ತದೆ.

ಕೇಂದ್ರ ಸರ್ಕಾರದ ಸಂಗ್ರಹಾಲಯಗಳ ವಿಷಯದಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯು ‘ಜತನ್’ ಎಂಬ ತಂತ್ರಾಂಶವನ್ನು ರೂಪಿಸಿತು. ಪ್ರತಿಯೊಂದು ವಸ್ತುವಿನ ಹೆಸರು, ಕಾಲ, ಅಳತೆ, ಯಾವುದರಿಂದ ಮಾಡಿದ್ದು ಎಂಬಿತ್ಯಾದಿ ವಿವರಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ದಾಖಲಿಸುವ ವ್ಯವಸ್ಥೆ ಅದರಲ್ಲಿದೆ. ಅಡಿಕೆಯನ್ನು ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಎಂದು ವಿಂಗಡಿಸಿದ ಮೇಲಷ್ಟೇ ಟೆಂಡರಿಗೆ ಇಡುವ ಶಿರಸಿ ಮಾರುಕಟ್ಟೆಯವರಿಗೆ ಇದರ ಮರ್ಮ ಬೇಗ ಅರ್ಥವಾದೀತು. ವಿಂಗಡಿಸದ ಮಾಲಿಗೆ ಧಾರಣೆ ಇಲ್ಲ. ವಿಂಗಡಿಸದ ಮಾಹಿತಿಗೆ ಓದುಗನಿಲ್ಲ.

ಕನ್ನಡಕ್ಕೇ ವಿಶಿಷ್ಟವಾದ ತೊಡಕು

ಕನ್ನಡ ಜಾಲತಾಣಗಳಲ್ಲಿ ಎಲ್ಲಕ್ಕಿಂತ ಮೊದಲು ಪರಿಶೀಲಿಸಬೇಕಾದುದು ಅಕ್ಷರಗಳ ಸಂಕೇತ ವ್ಯವಸ್ಥೆಯನ್ನು. ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳ ರೂಪದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಬಹಳ ವರ್ಷ ನಾವು ಬಳಸಿದ ಹಳೆಯ ನುಡಿ, ಬರಹ ಮೊದಲಾದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟು ಇರುವ ಗಣಕದಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತಿತ್ತು. ಯಂತ್ರಕ್ಕೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಓದಿ ಹೇಳುವ ತಂತ್ರಾಂಶವೂ ಹುಡುಕುವ ಗೂಗಲ್ಲೂ ಆ ಸಾಲನ್ನೇ ಕಾಣುತ್ತವೆ.

ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಡನೆ ಅದು ಸಾಮಾನ್ಯ ಬಳಕೆದಾರರ ಕೈಗೆ ಬಂದಿತು. ಹಾಗಿದ್ದರೂ ಹಳೆಯ ಫಾಂಟಿನಲ್ಲಿ ಸಿದ್ಧಪಡಿಸಿದ ಬರಹವನ್ನು ಹಾಗೆಯೇ ಪಿಡಿಎಫ್ ಮಾಡಿ ಅಥವಾ ಚಿತ್ರವನ್ನಾಗಿಸಿ ಜಾಲತಾಣಕ್ಕೆ ಏರಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಇಂಥ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳು ಲಭ್ಯವಿವೆ. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಬಲ್ಲವರಿಂದ ಒಮ್ಮೆ ತಿದ್ದಿಸಲೇಬೇಕು.

ಹೆಸರುಗಳ ತೊಡಕೂ ಚಿಕ್ಕದಲ್ಲ. ಒಂದೇ ಊರನ್ನು ಸೋದೆ, ಸೋಂದಾ, ಸ್ವಾದಿ ಎಂದು ಮೂರು ರೀತಿಯಲ್ಲಿ ಕರೆಯುತ್ತೇವೆ. ಶಿರಸಿಯನ್ನು ಸಿರ್ಸಿ ಎಂದೂ ಬರೆಯುತ್ತೇವೆ. ವಸ್ತುವಿನ ದಾಖಲೆಯಲ್ಲಿ ಈ ಎಲ್ಲ ರೂಪಗಳನ್ನೂ ನಮೂದಿಸಿದರೆ ಯಾವ ಹೆಸರಿನಿಂದ ಹುಡುಕಿದವನಿಗೂ ಅದು ದೊರೆಯುತ್ತದೆ.

ಚಿತ್ರಕ್ಕೆ ಮಾತು ಕೊಡುವುದು

ಸಂಗ್ರಹಾಲಯದ ಜಾಲತಾಣದ ಜೀವಾಳವೇ ಚಿತ್ರ. ಕಾಣದವನಿಗೆ ಅದನ್ನು ಮುಟ್ಟಿಸುವುದು ಚಿತ್ರದ ಹಿಂದೆ ಬರೆದಿಡುವ ಎರಡು ಸಾಲಿನ ವಿವರಣೆ. ಅಮೆರಿಕದ ಷಿಕಾಗೋ ನಗರದ ಸಮಕಾಲೀನ ಕಲಾ ಸಂಗ್ರಹಾಲಯವು ತನ್ನ ಜಾಲತಾಣವನ್ನು ಮರುರೂಪಿಸುವಾಗ ಈ ಕೆಲಸಕ್ಕೆಂದೇ ‘ಕಯೋಟಿ’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿತು. ತಂತ್ರಾಂಶವು ವಿವರಣೆಗಳನ್ನು ಒಂದೆಡೆ ಸೇರಿಸಿ, ಪರಿಶೀಲಿಸಿ, ಪ್ರಕಟಿಸಲು ನೆರವಾಗುತ್ತದೆ. ಬರೆಯುವವರು ಸಂಗ್ರಹಾಲಯದ ಸಿಬ್ಬಂದಿಯೇ.

ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಕಲ್ಲಿನ ಮಂಚವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಚಿತ್ರಕ್ಕೆ ‘ಚಿತ್ರ 14’ ಎಂದಾಗಲಿ, ‘ಅದ್ಭುತ ಶಿಲ್ಪಕಲೆ’ ಎಂದಾಗಲಿ ಬರೆದರೆ ಕೇಳುವವನಿಗೆ ಏನೂ ದೊರೆಯದು. ‘ಪೂರ್ತಿ ಕಲ್ಲಿನಿಂದ ಮಾಡಿದ ಮಂಚ, ನಾಲ್ಕು ಮೂಲೆಗಳಲ್ಲಿ ಸೂಕ್ಷ್ಮ ಕೆತ್ತನೆಯ ಕಂಬಗಳು’ ಎಂದರೆ ರೂಪವು ಮನಸ್ಸಿನಲ್ಲಿ ನಿಲ್ಲುತ್ತದೆ. ಗುಡಿಗಾರರ ಗಂಧದ ಪೆಟ್ಟಿಗೆಯಾದರೆ ಉದ್ದ, ಅಗಲ, ಮುಚ್ಚಳದ ಮೇಲಿನ ಬಳ್ಳಿ, ಬದಿಯ ಆಕೃತಿಗಳು ಇವನ್ನು ಹೇಳಬೇಕು. ಹೊಗಳಿಕೆ ಬೇಡ, ವಿವರ ಬೇಕು ಎಂಬುದೇ ಇಲ್ಲಿಯ ನಿಯಮ. ಇದನ್ನು ಬರೆಯಬಲ್ಲವರು ವಸ್ತುವನ್ನು ಬಲ್ಲವರೇ ಹೊರತು ಜಾಲತಾಣ ಕಟ್ಟುವ ತಂತ್ರಜ್ಞರಲ್ಲ.

ಮರುವಿನ್ಯಾಸದ ಕ್ರಮ

1. ಈಗಿರುವ ಪುಟಗಳನ್ನೆಲ್ಲ ಪಟ್ಟಿ ಮಾಡಿ, ಯಾವುದು ಉಳಿಯಬೇಕು, ಯಾವುದು ಹಳತಾಗಿದೆ ಎಂಬುದನ್ನು ಮೊದಲು ನಿರ್ಧರಿಸಬೇಕು.

2. ಸಂದರ್ಶಕನು ಮೊದಲು ಕೇಳುವ ಸಮಯ, ರಜಾದಿನ, ಪ್ರವೇಶ ಶುಲ್ಕ, ಬರುವ ದಾರಿ, ಗಾಲಿಕುರ್ಚಿಗೆ ಇಳಿಜಾರು ಇದೆಯೇ ಇಲ್ಲವೇ ಎಂಬ ಮಾಹಿತಿಗಳನ್ನು ಮೊದಲ ಪುಟದಲ್ಲಿಯೇ ಅಕ್ಷರರೂಪದಲ್ಲಿ ಕೊಡಬೇಕು.

3. ಶೀರ್ಷಿಕೆಗಳನ್ನು ಕೇವಲ ದಪ್ಪಕ್ಷರದಲ್ಲಿ ತೋರಿಸದೆ ಶೀರ್ಷಿಕೆಯೆಂದೇ ಗುರುತು ಹಾಕಬೇಕು. ಕಿವಿಯಿಂದ ಓದುವವನು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತ ಬೇಕಾದುದನ್ನು ಹುಡುಕುತ್ತಾನೆ.

4. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಸಾಕಷ್ಟು ಅಂತರವಿರಬೇಕು. ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಧ್ಯಮ ಹಂತದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಈ ಅನುಪಾತವು ಕನಿಷ್ಠ 4.5ಕ್ಕೆ 1. ಅಕ್ಷರಗಳನ್ನು ಎರಡು ಪಟ್ಟು ಹಿಗ್ಗಿಸಿದರೂ ಪುಟ ಕೆಡಬಾರದು.

5. ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲ ಕೆಲಸ ಸಾಗಬೇಕು. ಧ್ವನಿ ಮತ್ತು ವಿಡಿಯೋಗಳಿಗೆ ಬರಹರೂಪವನ್ನೂ ಕೊಡಬೇಕು.

6. ಪ್ರಕಟಣೆಗೆ ಮುನ್ನ ಕಣ್ಣು ಕಾಣದವರೊಬ್ಬರು, ಹಿರಿಯರೊಬ್ಬರು ಮತ್ತು ಸಾಧಾರಣ ಮೊಬೈಲುಳ್ಳ ಹಳ್ಳಿಯವರೊಬ್ಬರಿಂದ ಬಳಸಿ ನೋಡಿಸಬೇಕು.

‘ಒಂದು ಗುಂಡಿ ಜೋಡಿಸಿದರೆ ಸಾಕು, ಎಲ್ಲವೂ ತಾನಾಗಿ ಸರಿಹೋಗುತ್ತದೆ’ ಎನ್ನುವ ಮಾರಾಟಗಾರರ ಬಗ್ಗೆ ಎಚ್ಚರವಿರಲಿ. ಇಂಥ ಭರವಸೆ ಕೊಟ್ಟ ಒಂದು ಕಂಪೆನಿಯು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಆದೇಶದಂತೆ 2025ರಲ್ಲಿ 10 ಲಕ್ಷ ಡಾಲರ್ ತೆರಬೇಕಾಯಿತು.

ಕಾನೂನು ಏನು ಹೇಳುತ್ತದೆ?

ಜಾಲತಾಣಗಳ ಸುಗಮ ಲಭ್ಯತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಮೊದಲು ಪ್ರಕಟವಾದದ್ದು 1999ರಲ್ಲಿ. ಮರುವರ್ಷವೇ ಅದರ ಬಿಸಿ ಮುಟ್ಟಿತು. ಸಿಡ್ನಿ ಒಲಿಂಪಿಕ್ಸ್‌ನ ಜಾಲತಾಣವನ್ನು ತಾನು ಬಳಸಲಾರೆನೆಂದು ಬ್ರೂಸ್ ಮೆಗೈರ್ ಎಂಬ ಅಂಧ ನಾಗರಿಕರು ದೂರು ಕೊಟ್ಟರು. ಸಂಘಟನಾ ಸಮಿತಿಯು 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕಾಯಿತು. ಅಮೆರಿಕದ ಟಾರ್ಗೆಟ್ ಎಂಬ ಬೃಹತ್ ಮಳಿಗೆ ಸಂಸ್ಥೆಯು ಇಂಥದೇ ಮೊಕದ್ದಮೆಯನ್ನು 2008ರಲ್ಲಿ 60 ಲಕ್ಷ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು.

ನಮ್ಮ ದೇಶದಲ್ಲಿ ಸರ್ಕಾರಿ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿಯಿದೆ. ಅದರ ಮೂರನೆಯ ಆವೃತ್ತಿ ಬಂದದ್ದು 2023ರಲ್ಲಿ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು ಸರ್ಕಾರಿ ಸೇವೆಗಳಿಗಷ್ಟೇ ಅಲ್ಲದೆ ಖಾಸಗಿ ಸೇವೆಗಳಿಗೂ ಸುಗಮ ಲಭ್ಯತೆಯ ಹೊಣೆಯನ್ನು ಹೊರಿಸಿದೆ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇದಕ್ಕೆ ಸಂಬಂಧಿಸಿದ ನಿಯಮವು ಕೇವಲ ಸಲಹೆಯ ರೂಪದಲ್ಲಿರುವುದು ಕಾಯಿದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. 2025ರ ಏಪ್ರಿಲಿನಲ್ಲಿ ಬ್ಯಾಂಕು ಮೊದಲಾದೆಡೆಗಳ ಡಿಜಿಟಲ್ ಕೆವೈಸಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಅದೇ ನ್ಯಾಯಾಲಯವು ಸಾರಿತು. ಗಾಳಿ ಬೀಸುತ್ತಿರುವ ದಿಕ್ಕು ಸ್ಪಷ್ಟ. ಒತ್ತಾಯ ಬರುವ ಮೊದಲೇ ಮಾಡಿದರೆ ಖರ್ಚು ಕಡಿಮೆ.

ನಮ್ಮ ವ್ಯಾಪಾರಕ್ಕೆ ಇದರಿಂದ ದೊರೆಯುವುದೇನು?

ಮೊದಲನೆಯದಾಗಿ, ಧಾರಣೆ ಪಟ್ಟಿ. ಅಡಿಕೆಯ ದರವನ್ನು ಫೋಟೋ ಮಾಡಿ ಹಾಕಿದರೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ‘ಚಿತ್ರ’. ಅದನ್ನೇ ಕೋಷ್ಟಕವಾಗಿಸಿ ಸಾಲು-ಅಂಕಣಗಳಿಗೆ ಶೀರ್ಷಿಕೆ ಕೊಟ್ಟರೆ ‘ರಾಶಿ, ಕನಿಷ್ಠ, ಇಷ್ಟು, ಗರಿಷ್ಠ, ಇಷ್ಟು’ ಎಂದು ಓದುತ್ತದೆ. ಕಣ್ಣು ಮಂಜಾದ ತೋಟಿಗನು ಇನ್ನೊಬ್ಬರನ್ನು ಕೇಳದೆ ತನ್ನ ಬೆಳೆಯ ದರವನ್ನು ತಾನೇ ತಿಳಿದು, ಮಾರುವುದೋ ಇಡುವುದೋ ಎಂದು ತೀರ್ಮಾನಿಸಬಲ್ಲ. ಇದು ಅವನ ಸ್ವಾತಂತ್ರ್ಯದ ಪ್ರಶ್ನೆಯೂ ಹೌದು.

ಎರಡನೆಯದಾಗಿ, ಹೆಸರು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ದೂರದ ಖರೀದಿದಾರನು ಆ ಹೆಸರಿನಿಂದ ಹುಡುಕಿದಾಗ ನಮ್ಮ ಪುಟವು ಸಿಗಬೇಕಾದರೆ ವಿವರಗಳು ಯೂನಿಕೋಡ್ ಕನ್ನಡದಲ್ಲಿಯೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿಯೂ ಅಕ್ಷರರೂಪದಲ್ಲಿರಬೇಕು. ಕಣ್ಣಿಲ್ಲದವನಿಗಾಗಿ ಮಾಡಿದ ಕೆಲಸವು ಗೂಗಲ್ಲಿಗೂ ನೆರವಾಗುತ್ತದೆ. ಏಕೆಂದರೆ ಹುಡುಕುವ ಯಂತ್ರವೂ ಮುಖ್ಯವಾಗಿ ಅಕ್ಷರಗಳನ್ನೇ ಅವಲಂಬಿಸುತ್ತದೆ.

ಮೂರನೆಯದಾಗಿ, ವಿನ್ಯಾಸಗಳ ಭಂಡಾರ. ನೆದರ್‌ಲ್ಯಾಂಡ್ಸಿನ ರೈಕ್ಸ್ ಮ್ಯೂಸಿಯಂ 2012ರಲ್ಲಿ ಸುಮಾರು 1,25,000 ಕಲಾಕೃತಿಗಳ ಉತ್ತಮ ದರ್ಜೆಯ ಚಿತ್ರಗಳನ್ನು ಮುಕ್ತವಾಗಿ ಒದಗಿಸಿ, ಅವುಗಳಿಂದ ಹೊಸ ವಸ್ತುಗಳನ್ನು ತಯಾರಿಸಲು ಜನರನ್ನು ಹುರಿದುಂಬಿಸಿತು. ನಮ್ಮ ಸೀಮೆಯ ಕೆತ್ತನೆ, ಚಿತ್ತಾರ, ಕೌದಿಗಳ ವಿನ್ಯಾಸಗಳನ್ನೂ ವಿವರಗಳೊಡನೆ ದಾಖಲಿಸಿದರೆ ಸಣ್ಣ ಉತ್ಪಾದಕರಿಗೆ ಹೊಸ ಸರಕಿನ ದಾರಿ ತೆರೆಯುತ್ತದೆ. ಆದರೆ ಆ ಸಮುದಾಯಗಳ ಒಪ್ಪಿಗೆ, ಹೆಸರು ಮತ್ತು ಆದಾಯದ ಪಾಲು ಮೊದಲೇ ನಿಶ್ಚಿತವಾಗಿರಬೇಕು. ಇಲ್ಲವಾದರೆ ತೆರೆದ ಬಾಗಿಲಿನಿಂದ ಒಡೆಯನ ಸೊತ್ತೇ ಹೊರಗೆ ಹೋದಂತಾಗುತ್ತದೆ.

ಸದಸ್ಯ ಬಾಂಧವರು ಈ ತಿಂಗಳಲ್ಲಿಯೇ ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ತಮ್ಮ ಸಂಸ್ಥೆಯ ಜಾಲತಾಣವನ್ನು ಮೊಬೈಲಿನಲ್ಲಿ ತೆರೆದು, ಟಾಕ್‌ಬ್ಯಾಕ್ ಚಾಲೂ ಮಾಡಿ, ಕಣ್ಣು ಮುಚ್ಚಿಕೊಂಡು, ದೂರವಾಣಿ ಸಂಖ್ಯೆಯನ್ನೂ ಒಂದು ಸರಕಿನ ದರವನ್ನೂ ಹುಡುಕಬೇಕು. ಐದು ನಿಮಿಷದೊಳಗೆ ದೊರೆತರೆ ಬಾಗಿಲು ತೆರೆದಿದೆ ಎಂದರ್ಥ. ದೊರೆಯದಿದ್ದರೆ, ಜಾಲತಾಣ ನಿರ್ಮಿಸಿದವರಿಗೆ ಈ ಲೇಖನದ ಆರು ಅಂಶಗಳನ್ನು ತೋರಿಸಿ, ಮುಂದಿನ ಕರಾರಿನಲ್ಲಿ ಅವನ್ನು ಲಿಖಿತ ಷರತ್ತುಗಳನ್ನಾಗಿ ಸೇರಿಸುವುದು ಲೇಸು.